ಲ್ಯಾಂಬ್ಡಾದ ಯೂನಿಟ್ ಏನು? ಎಕನಾಮಿಕ್ಸ್ ವಿದ್ಯಾರ್ಥಿನಿಯ ಗಣಿತದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡಿದ್ದೆ, ಗಣಿತದಲ್ಲಿ 100ಕ್ಕೆ 91 ಬಂದಿತ್ತು. ಎಕನಾಮಿಕ್ಸ್ ಇಷ್ಟ ಅಂತ ದೆಹಲಿಗೆ ಬಂದು ಬಿ.ಎ. ಆನರ್ಸ್ ಸೇರಿದೆ. ಇಲ್ಲಿ ಮೊದಲ ವರ್ಷದಲ್ಲೇ ಅರ್ಥಶಾಸ್ತ್ರದ ಗಣಿತ ವಿಧಾನಗಳು ಅನ್ನೋ ಪೇಪರ್ ಇದೆ. ಮೊದಲ ಟೆಸ್ಟ್‌ನಲ್ಲಿ ನನಗೆ 30ಕ್ಕೆ 9 ಬಂತು. ಲೆಕ್ಕ ಮಾಡೋಕೆ ಬರುತ್ತೆ, ಆದರೆ ಪ್ರಶ್ನೆ ಏನು ಕೇಳ್ತಿದೆ ಅಂತಲೇ ಗೊತ್ತಾಗಲ್ಲ. ಲ್ಯಾಂಬ್ಡಾ ಅನ್ನೋ ಗ್ರೀಕ್ ಅಕ್ಷರ ಹಾಕಿ ಉತ್ತರ ತರ್ತೀನಿ, ಅದು ಏನು ಅಂತ ಕೇಳಿದ್ರೆ ಬಾಯಿ ಕಟ್ಟುತ್ತೆ. ಎಕನಾಮಿಕ್ಸ್‌ಗೆ ಇಷ್ಟು ಗಣಿತ ನಿಜವಾಗ್ಲೂ ಬೇಕಾ? ನಾನು ತಪ್ಪು ಕೋರ್ಸ್‌ಗೆ ಬಂದೆನಾ? ಇದನ್ನ ಓದೋದು ಹೇಗೆ?

ಉತ್ತರ: ನೀವು ತಪ್ಪು ಕೋರ್ಸ್‌ಗೆ ಬಂದಿಲ್ಲ. ನಾನು ಈ ಪೇಪರನ್ನು ಬಹಳ ವರ್ಷ ಪಾಠ ಮಾಡಿದ್ದೇನೆ. ಪಿಯುಸಿಯಲ್ಲಿ 90ರ ಮೇಲೆ ತೆಗೆದು, ಇಲ್ಲಿ ಮೊದಲ ಟೆಸ್ಟ್‌ನಲ್ಲಿ ಒಂದಂಕಿ ತಗೊಂಡು, ಕೊನೆಯ ಬೆಂಚಿಗೆ ಸರಿದು ಕೂತವರನ್ನು ಪ್ರತಿ ವರ್ಷ ನೋಡಿದ್ದೇನೆ. ಅವರಿಗೆ ಗಣಿತ ಬರಲ್ಲ ಅಂತಲ್ಲ. ಅವರು ಕಲಿತುಕೊಂಡು ಬಂದ ಕೆಲಸ ಒಂದು, ಇಲ್ಲಿ ಕೇಳುವ ಕೆಲಸ ಇನ್ನೊಂದು. ಅದನ್ನು ಯಾರೂ ಮೊದಲ ದಿನವೇ ಬಿಡಿಸಿ ಹೇಳಿರುವುದಿಲ್ಲ.

ಪಿಯುಸಿ ಗಣಿತದ ಪ್ರಶ್ನೆಯಲ್ಲಿ ಹೆಚ್ಚಾಗಿ ಇರುವುದು 'ಕಂಡುಹಿಡಿಯಿರಿ'. ಡಿವೈ ಬೈ ಡಿಎಕ್ಸ್ ಕಂಡುಹಿಡಿಯಿರಿ, ಇಂಟಿಗ್ರೇಷನ್ ಮಾಡಿ, ಮ್ಯಾಟ್ರಿಕ್ಸ್‌ನ ಇನ್ವರ್ಸ್ ಹುಡುಕಿ. ಸೂತ್ರ ಗೊತ್ತಿದ್ದು ಕೈ ಓಡಿದರೆ ಸಾಕು. ಇಲ್ಲಿ ಬರುವ ಪ್ರಶ್ನೆ 'ತೋರಿಸಿ', 'ಯಾಕೆ', 'ಯಾವಾಗ ಇದು ನಿಜವಲ್ಲ'. ಲೆಕ್ಕ ಮಾಡಿದ ಮೇಲೆ ಅದರ ಅರ್ಥವನ್ನು ಎರಡು ಸಾಲಿನಲ್ಲಿ ಬರೆಯಬೇಕು. ನಿಮ್ಮ 9 ಅಂಕ ಬಹುಶಃ ಲೆಕ್ಕಕ್ಕೆ ಬಂದದ್ದು. ಹೋದ ಅಂಕಗಳಲ್ಲಿ ಜಾಸ್ತಿ ಪಾಲು ವಾಕ್ಯಗಳಿಗೆ ಇದ್ದದ್ದು. ಉತ್ತರ ಪತ್ರಿಕೆ ಕೈಯಲ್ಲಿದ್ದರೆ ತೆರೆದು ನೋಡಿ.

ಮೊದಲು ಆ ವಾಕ್ಯಗಳ ವಿಷಯ ಮಾತಾಡೋಣ. ನಿಮ್ಮ ನೋಟ್ಸಿನಲ್ಲಿ 'ಫಾರ್ ಆಲ್', 'ದೇರ್ ಎಗ್ಜಿಸ್ಟ್ಸ್' ಅನ್ನುವ ಮಾತು ಪುಟಕ್ಕೆ ನಾಲ್ಕು ಸಲ ಬರುತ್ತದೆ. ತಲೆಕೆಳಗಾದ ಎ, ತಿರುಗಿಸಿದ ಇ. ಮಕ್ಕಳು ಅದನ್ನು ಅಲಂಕಾರ ಅಂದುಕೊಂಡು ದಾಟಿ ಹೋಗುತ್ತಾರೆ. ಅಲ್ಲೇ ಎಡವುವುದು. ಕನ್ನಡದಲ್ಲಿ ಹೇಳಿ ನೋಡಿ. 'ಪ್ರತಿ ಬೀಗಕ್ಕೂ ಒಂದು ಕೀ ಇದೆ.' ಇದು ನಿಮ್ಮ ಹಾಸ್ಟೆಲ್‌ನಲ್ಲಿ ನಿಜ. 'ಒಂದು ಕೀ ಇದೆ, ಅದು ಎಲ್ಲ ಬೀಗಕ್ಕೂ ಆಗುತ್ತದೆ.' ಇದು ನಿಜವಾದರೆ ನೀವು ವಾರ್ಡನ್ ಹತ್ತಿರ ಓಡಬೇಕು! ಎರಡರಲ್ಲೂ ಇರುವುದು ಅದೇ ಬೀಗ, ಅದೇ ಕೀ. ಹೇಳುವ ಕ್ರಮ ಬದಲಾಯಿತು, ಅರ್ಥವೇ ಬದಲಾಯಿತು. ಲಿಮಿಟ್, ಕಂಟಿನ್ಯೂಟಿ ವ್ಯಾಖ್ಯೆಗಳಲ್ಲಿ ಎಪ್ಸಿಲಾನ್ ಮೊದಲು ಬರುವುದು, ಡೆಲ್ಟಾ ಆಮೇಲೆ ಬರುವುದು ಇದೇ ಕಾರಣಕ್ಕೆ. ಯಾರೋ ಒಂದು ಬೀಗ (ಎಪ್ಸಿಲಾನ್, ಅಂದರೆ ಉತ್ತರದಲ್ಲಿ ಎಷ್ಟು ವ್ಯತ್ಯಾಸ ಒಪ್ಪಬಹುದು) ತಂದು ಕೊಡುತ್ತಾರೆ, ನೀವು ಅದಕ್ಕೆ ಕೀ (ಡೆಲ್ಟಾ, ಅಂದರೆ ಬಿಂದುವಿಗೆ ಎಷ್ಟು ಹತ್ತಿರ ಇರಬೇಕು) ಹುಡುಕಿ ಕೊಡುತ್ತೀರಿ. ಬೀಗ ನೋಡದೆ ಕೀ ಕೊಡೋಕಾಗಲ್ಲ, ಅಲ್ವಾ? ಮುಂದಿನ ಸಲ ಇಂಥ ವ್ಯಾಖ್ಯೆ ಬಂದಾಗ ಪಕ್ಕದಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವವರು ಕನ್ನಡದಲ್ಲಿ ಯೋಚಿಸಬಾರದು ಅನ್ನುವ ನಿಯಮ ಎಲ್ಲೂ ಇಲ್ಲ.

ಇನ್ನು ಲ್ಯಾಂಬ್ಡಾ. ನಿಮ್ಮ ಪತ್ರದಲ್ಲಿ ನನ್ನನ್ನು ತಟ್ಟಿದ್ದು ಅದೇ ಸಾಲು, ಯಾಕೆಂದರೆ ನನ್ನ ಕಥೆಯೂ ಅದೇ. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಬೋರ್ಡ್ ಮೇಲೆ ಲಗ್ರಾಂಜ್ ಲೆಕ್ಕ (ಇರುವ ಮಿತಿಯೊಳಗೆ ಗರಿಷ್ಠ ಹುಡುಕುವ ವಿಧಾನ) ಮಾಡಿ ಲ್ಯಾಂಬ್ಡಾ ಕಂಡುಹಿಡಿದು ಹೆಮ್ಮೆಯಿಂದ ನಿಂತಿದ್ದೆ. ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: 'ಅದರ ಯೂನಿಟ್ ಏನಪ್ಪಾ?' ಕಿಲೋನಾ, ರೂಪಾಯಿನಾ, ಗಂಟೆನಾ? ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ನಾನು ಯಾವ ಅಕ್ಷರವನ್ನೂ ಅದರ ಯೂನಿಟ್ ಬರೆಯದೆ ಮುಂದಕ್ಕೆ ಬಿಟ್ಟಿಲ್ಲ. ಈ ಉತ್ತರದಿಂದ ನೀವು ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳುವುದಾದರೆ ಅದು ಇದಾಗಲಿ: ಪ್ರತಿ ಅಕ್ಷರದ ಪಕ್ಕ ಅದರ ಯೂನಿಟ್.

ಕೈಯಿಂದಲೇ ಮಾಡೋಣ, ಪೆನ್ನು ತಗೊಳ್ಳಿ.

ಕ್ಯಾಂಟೀನಿಗೆ ಅಂತ ತಿಂಗಳಿಗೆ 600 ರೂಪಾಯಿ ಎತ್ತಿಟ್ಟಿದ್ದೀರಿ. ಕಾಫಿ 20 ರೂಪಾಯಿ, ಇಡ್ಲಿ ಪ್ಲೇಟಿಗೆ 30. ನಿಮ್ಮ ತೃಪ್ತಿಯನ್ನು ಅಳೆಯುವ ಫಂಕ್ಷನ್ 'ಕಾಫಿ × ಇಡ್ಲಿ' ಅಂತ ಇಟ್ಟುಕೊಳ್ಳಿ, ಪುಸ್ತಕದಲ್ಲಿ ಇರುವ ಹಾಗೆ. ಲಗ್ರಾಂಜ್ ವಿಧಾನ ಹೇಳುವುದು ಇಷ್ಟು: ತೃಪ್ತಿ, ಕೂಡಿಸು ಲ್ಯಾಂಬ್ಡಾ × (600 − 20 ಕಾಫಿ − 30 ಇಡ್ಲಿ). ಕಾಫಿ ಲೆಕ್ಕದಲ್ಲಿ ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿದರೆ, ಇಡ್ಲಿ = 20 ಲ್ಯಾಂಬ್ಡಾ. ಇಡ್ಲಿ ಲೆಕ್ಕದಲ್ಲಿ ಮಾಡಿದರೆ, ಕಾಫಿ = 30 ಲ್ಯಾಂಬ್ಡಾ. ಎರಡನ್ನೂ ಬಜೆಟ್‌ಗೆ ಹಾಕಿ: 600 ಲ್ಯಾಂಬ್ಡಾ + 600 ಲ್ಯಾಂಬ್ಡಾ = 600. ಲ್ಯಾಂಬ್ಡಾ 0.5. ಕಾಫಿ 15, ಇಡ್ಲಿ 10 ಪ್ಲೇಟ್, ತೃಪ್ತಿ 150.

ಪಿಯುಸಿ ಪ್ರಕಾರ ಲೆಕ್ಕ ಇಲ್ಲಿಗೆ ಮುಗಿಯಿತು. ನಮಗೆ ಇಲ್ಲಿಂದ ಶುರು. ಈ 0.5 ಏನು? ಇಡ್ಲಿ = 20 ಲ್ಯಾಂಬ್ಡಾ ಅನ್ನುವ ಸಾಲನ್ನು ನೋಡಿ. ಎಡಗಡೆ ಇರುವುದು ಇನ್ನೊಂದು ಕಾಫಿಯಿಂದ ಸಿಗುವ ತೃಪ್ತಿ. ಬಲಗಡೆ 20 ಅಂದರೆ ಒಂದು ಕಾಫಿಗೆ ಎಷ್ಟು ರೂಪಾಯಿ. ಎರಡೂ ಕಡೆ ಯೂನಿಟ್ ಹೊಂದಬೇಕಾದರೆ ಲ್ಯಾಂಬ್ಡಾದ ಯೂನಿಟ್ 'ಒಂದು ರೂಪಾಯಿಗೆ ಎಷ್ಟು ತೃಪ್ತಿ' ಆಗಲೇಬೇಕು. ಅಂದರೆ ಅಪ್ಪ ಇನ್ನೊಂದು ರೂಪಾಯಿ ಕಳಿಸಿದರೆ ನಿಮ್ಮ ತೃಪ್ತಿ ಸುಮಾರು 0.5 ಏರುತ್ತದೆ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಬಜೆಟ್ 601 ಅಂತ ಹಾಕಿ ಮೊದಲಿನಿಂದ ಲೆಕ್ಕ ಮಾಡಿ. ಈ ಫಂಕ್ಷನ್‌ಗೆ ಗರಿಷ್ಠ ತೃಪ್ತಿ ಅಂದರೆ ಬಜೆಟ್‌ನ ವರ್ಗವನ್ನು 2400ರಿಂದ (4 × 20 × 30) ಭಾಗಿಸಿದಷ್ಟು. 600ರ ವರ್ಗ 3,60,000. ಭಾಗಿಸಿದರೆ 150. 601ರ ವರ್ಗ 3,61,201. ಭಾಗಿಸಿದರೆ 150.5004. ಏರಿದ್ದು 0.5004. ಲ್ಯಾಂಬ್ಡಾ ಮೊದಲೇ 0.5 ಅಂತ ಹೇಳಿಬಿಟ್ಟಿತ್ತು! ಉಳಿದ ಆ 0.0004 ಯಾಕೆ ಬಂತು? ಯಾಕೆಂದರೆ ಲ್ಯಾಂಬ್ಡಾ ಹೇಳುವುದು ಆ ಬಿಂದುವಿನಲ್ಲಿ ಏರುವ ದರ, ಇಡೀ ರೂಪಾಯಿಯ ಲೆಕ್ಕ ಅಲ್ಲ. ಡಿಫರೆನ್ಷಿಯೇಷನ್ ಅಂದರೆ ಏನು ಅನ್ನುವುದೂ ಈ 0.0004ರಲ್ಲೇ ಇದೆ.

ಈಗ ಕ್ಯಾಂಟೀನ್ ಬಿಟ್ಟು ಹೊರಗೆ ಬನ್ನಿ. ಬಜೆಟ್ ಬದಲು ಕಾಲುವೆಯ ನೀರು ಅಂತಿಟ್ಟುಕೊಳ್ಳಿ, ತೃಪ್ತಿ ಬದಲು ಬೆಳೆಯಿಂದ ಬರುವ ಹಣ. ಆಗ ಲ್ಯಾಂಬ್ಡಾ ಅಂದರೆ ಇನ್ನೊಂದು ಘನ ಮೀಟರ್ ನೀರಿಗೆ ಬರುವ ಹಣ. ಆ ನೀರಿಗೆ ಮಾರುಕಟ್ಟೆಯೇ ಇಲ್ಲದಿರಬಹುದು, ಯಾರೂ ಬೆಲೆ ಕಟ್ಟಿಲ್ಲದಿರಬಹುದು. ಆದರೂ ಗಣಿತ ಅದಕ್ಕೆ ಒಂದು ಬೆಲೆ ತೋರಿಸುತ್ತದೆ. ಇದನ್ನು ಷ್ಯಾಡೋ ಪ್ರೈಸ್, ನೆರಳು ಬೆಲೆ ಅನ್ನುತ್ತಾರೆ. ಒಂದು ಅಣೆಕಟ್ಟು ಕಟ್ಟುವುದು ಲಾಭವಾ ಅಂತ ಲೆಕ್ಕ ಹಾಕುವವರು ಹುಡುಕುವುದು ಈ ಸಂಖ್ಯೆಯನ್ನೇ. ಬಾಯಿ ಕಟ್ಟಿಸಿದ ಲ್ಯಾಂಬ್ಡಾ ಇಷ್ಟು ಮಾತಾಡುತ್ತದೆ ನೋಡಿ.

ಯೂನಿಟ್ ನೋಡುವ ಅಭ್ಯಾಸ ಇದ್ದರೆ ಎಲಾಸ್ಟಿಸಿಟಿ (ಬೆಲೆ ಬದಲಾದರೆ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ) ಯಾಕೆ ಬೇಕು ಅನ್ನುವುದೂ ತಾನಾಗಿ ಹೊಳೆಯುತ್ತದೆ. ಡಿಮ್ಯಾಂಡ್ ಕರ್ವ್‌ನ ಇಳಿಜಾರು ಕಿಲೋ ಲೆಕ್ಕದಲ್ಲಿ ಒಂದು ಸಂಖ್ಯೆ, ಕ್ವಿಂಟಾಲ್ ಲೆಕ್ಕದಲ್ಲಿ ಇನ್ನೊಂದು. ಅದೇ ಈರುಳ್ಳಿ, ಅದೇ ಜನ. ಪ್ರಮಾಣದ ಶೇಕಡಾವಾರು ಬದಲಾವಣೆಯನ್ನು ಬೆಲೆಯ ಶೇಕಡಾವಾರು ಬದಲಾವಣೆಯಿಂದ ಭಾಗಿಸಿದರೆ ಯೂನಿಟ್ ಪೂರ್ತಿ ಹೊರಟುಹೋಗುತ್ತದೆ. ಆಮೇಲೆ ಈರುಳ್ಳಿಯನ್ನು ಪೆಟ್ರೋಲ್ ಜೊತೆ ಹೋಲಿಸಬಹುದು. ಲಾಗ್ ಬರುವುದೂ ಇದಕ್ಕೇ. ಲಾಗ್‌ನಲ್ಲಿ ಸಣ್ಣ ವ್ಯತ್ಯಾಸ ಅಂದರೆ ಹೆಚ್ಚುಕಡಿಮೆ ಶೇಕಡಾವಾರು ಬದಲಾವಣೆ. ಇಷ್ಟು ತಿಳಿದರೆ ಆ ಅಧ್ಯಾಯದ ಅರ್ಧ ಮುಗಿದ ಹಾಗೆ.

ನಿಮ್ಮ ಟೆಸ್ಟ್‌ನಲ್ಲಿ ಕಾನ್ಕೇವ್ ಫಂಕ್ಷನ್ ಬಗ್ಗೆ ಪ್ರಶ್ನೆ ಇದ್ದಿರಲೇಬೇಕು. ಮೊದಲ ವರ್ಷದವರು ಇದನ್ನು ಸುಮ್ನೆ ಒಂದು ವ್ಯಾಖ್ಯೆ ಅಂತ ಬಾಯಿಪಾಠ ಮಾಡುತ್ತಾರೆ. ಹತ್ತನೇ ತರಗತಿಯಲ್ಲಿ ನೀವು ನಿಮ್ನ ಮಸೂರ, ಪೀನ ಮಸೂರ ಓದಿದ್ದೀರಿ. ಅದೇ ಎರಡು ಪದ ಇಲ್ಲೂ ಇವೆ: ನಿಮ್ನ ಅಂದರೆ ಕಾನ್ಕೇವ್, ಪೀನ ಅಂದರೆ ಕಾನ್ವೆಕ್ಸ್. ಆದರೆ ಮಸೂರದ ಚಿತ್ರ ನೆನೆಸಿಕೊಂಡರೆ ಇಲ್ಲಿ ಗೊಂದಲ ಆಗುತ್ತದೆ. ಅದರ ಬದಲು ದಾರ ನೆನಪಿಟ್ಟುಕೊಳ್ಳಿ. ಗ್ರಾಫ್ ಮೇಲೆ ಎರಡು ಬಿಂದು ಹಿಡಿದು ನಡುವೆ ದಾರ ಬಿಗಿಯಾಗಿ ಕಟ್ಟಿ. ಗ್ರಾಫ್ ಎಲ್ಲೂ ದಾರದ ಕೆಳಗೆ ಇಳಿಯದಿದ್ದರೆ ಕಾನ್ಕೇವ್, ಎಲ್ಲೂ ದಾರದ ಮೇಲೆ ಏಳದಿದ್ದರೆ ಕಾನ್ವೆಕ್ಸ್. ಯಾವ ಎರಡು ಬಿಂದು ಹಿಡಿದರೂ ಹಾಗೇ ಇರಬೇಕು. ನೋಡಿ, ಮತ್ತೆ 'ಫಾರ್ ಆಲ್' ಬಂತು.

ಇದು ಯಾಕೆ ಬೇಕು? ಒಂದು ಲೆಕ್ಕ ನೋಡಿ. ಮೈಸೂರಿನಲ್ಲಿ ಒಂದು ಸಣ್ಣ ಊದುಬತ್ತಿ ಘಟಕ ಇದೆ ಅಂತಿಟ್ಟುಕೊಳ್ಳಿ. ದಿನಕ್ಕೆ ತಯಾರಾಗುವ ಪೆಟ್ಟಿಗೆ ಕ್ಯೂ. ಹಣವೆಲ್ಲ ನೂರು ರೂಪಾಯಿ ಲೆಕ್ಕದಲ್ಲಿ. ಪೆಟ್ಟಿಗೆಯ ಬೆಲೆ 8, ಅಂದರೆ 800 ರೂಪಾಯಿ. ಖರ್ಚು ಹೀಗಿದೆ: ಕ್ಯೂ³ − 7.5 ಕ್ಯೂ² + 20 ಕ್ಯೂ. ಬಂದ ಹಣದಲ್ಲಿ ಖರ್ಚು ಕಳೆದರೆ ಲಾಭ = − ಕ್ಯೂ³ + 7.5 ಕ್ಯೂ² − 12 ಕ್ಯೂ. ಡಿಫರೆನ್ಷಿಯೇಟ್ ಮಾಡಿ ಸೊನ್ನೆಗೆ ಸಮ ಮಾಡಿ. ಎರಡು ಉತ್ತರ ಬರುತ್ತವೆ, 1 ಮತ್ತು 4.

ಎಷ್ಟೋ ಮಕ್ಕಳು ಮೊದಲು ಸಿಕ್ಕ 1ನ್ನು ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. 1ನ್ನು ಲಾಭದ ಸೂತ್ರಕ್ಕೆ ಹಾಕಿ ನೋಡಿ: −1 + 7.5 − 12, ಅಂದರೆ −5.5. ದಿನಕ್ಕೆ 550 ರೂಪಾಯಿ ನಷ್ಟ! ಬಾಗಿಲು ಹಾಕಿಕೊಂಡು ಮನೆಯಲ್ಲಿ ಕೂತಿದ್ದರೆ ನಷ್ಟ ಸೊನ್ನೆ ಇರುತ್ತಿತ್ತು. 4 ಹಾಕಿ: −64 + 120 − 48, ಅಂದರೆ 8. ದಿನಕ್ಕೆ 800 ರೂಪಾಯಿ ಲಾಭ. ಎರಡು ಕಡೆಯೂ ಡೆರಿವೇಟಿವ್ ಸೊನ್ನೆ. ಒಂದು ಬೆಟ್ಟದ ತುದಿ, ಇನ್ನೊಂದು ಗುಂಡಿಯ ತಳ. ನಿಂತಲ್ಲಿ ಕಾಲಡಿ ನೆಲ ಸಮವಾಗಿದೆ ಅಂದ ಮಾತ್ರಕ್ಕೆ ತುದಿಯಲ್ಲಿದ್ದೀರಿ ಅಂತಲ್ಲ. ಎರಡನೇ ಡೆರಿವೇಟಿವ್ ಹೇಳುವುದು ಇದನ್ನೇ: 1ರಲ್ಲಿ ಅದು +9, ಅಂದರೆ ಗುಂಡಿ; 4ರಲ್ಲಿ −9, ಅಂದರೆ ತುದಿ. ಲಾಭದ ಫಂಕ್ಷನ್ ಎಲ್ಲ ಕಡೆ ಕಾನ್ಕೇವ್ ಆಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ, ಗುಂಡಿಗಳೇ ಇರುತ್ತಿರಲಿಲ್ಲ. ಅದಕ್ಕೇ ಎಕನಾಮಿಕ್ಸ್‌ನವರಿಗೆ ಕಾನ್ಕೇವ್ ಅಂದರೆ ಅಷ್ಟು ಪ್ರೀತಿ. ಅದು ಒಂದು ಭರವಸೆ: ಸಮ ನೆಲ ಸಿಕ್ಕಿದರೆ ಅದೇ ತುದಿ. ಪ್ರೊಫೆಸರ್ 'ಕಾನ್ಕೇವ್ ಅಂತ ತೋರಿಸಿ' ಅಂದಾಗ ಅವರು ಆ ಭರವಸೆ ಎಲ್ಲಿಂದ ಬಂತು ಅಂತ ಕೇಳುತ್ತಿದ್ದಾರೆ.

ಈ ಗಣಿತ ನಿಜವಾಗಿಯೂ ಬೇಕಾ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ದೊಡ್ಡವರೂ ಇದನ್ನು ಕೇಳಿಕೊಂಡಿದ್ದಾರೆ.

1838ರಲ್ಲಿ ಫ್ರಾನ್ಸಿನ ಆಂಟ್ವಾನ್ ಕೂರ್ನೋ ಅನ್ನುವ ಗಣಿತಜ್ಞರು ಡಿಮ್ಯಾಂಡನ್ನು ಬೆಲೆಯ ಫಂಕ್ಷನ್ ಅಂತ ಬರೆದು, ಖನಿಜ ನೀರಿನ ಬುಗ್ಗೆಯ ಉದಾಹರಣೆ ಹಿಡಿದು, ಒಬ್ಬನೇ ಮಾಲೀಕ ಇದ್ದರೆ ಏನಾಗುತ್ತದೆ, ಇಬ್ಬರಿದ್ದರೆ ಏನಾಗುತ್ತದೆ ಅಂತ ಲೆಕ್ಕ ಮಾಡಿ ತೋರಿಸಿದರು. ಆಗಿನವರು ಅದನ್ನು ತಿರುಗಿಯೂ ನೋಡಲಿಲ್ಲ. ಬಹಳ ವರ್ಷ ಆದಮೇಲೆ ಅದರ ಬೆಲೆ ತಿಳಿಯಿತು. ಮುಂದೆ ನೀವು ಗೇಮ್ ಥಿಯರಿ ಓದುವಾಗ ಕೂರ್ನೋ ಹೆಸರು ಮತ್ತೆ ಎದುರಾಗುತ್ತದೆ.

ಇನ್ನೊಬ್ಬರು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್. 1865ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಬಂದವರು. ಗಣಿತ ಬಾರದವರ ಮಾತಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. 1906ರಲ್ಲಿ ಸ್ನೇಹಿತರಿಗೆ ಬರೆದ ಒಂದು ಪತ್ರದಲ್ಲಿ ಅವರು ತಮ್ಮ ನಿಯಮಗಳನ್ನು ಹೇಳಿಕೊಂಡಿದ್ದಾರೆ. ಗಣಿತವನ್ನು ಯೋಚನೆಯ ಶಾರ್ಟ್‌ಹ್ಯಾಂಡ್ ಥರ ಬಳಸಿ, ಕೆಲಸ ಮುಗಿಯುವವರೆಗೂ ಬಿಡಬೇಡಿ, ಆಮೇಲೆ ಅದನ್ನು ಮಾತಿಗೆ ತನ್ನಿ, ಜೀವನದಲ್ಲಿ ಮುಖ್ಯವಾದ ಉದಾಹರಣೆ ಕೊಡಿ, ಕೊನೆಗೆ ಗಣಿತವನ್ನು ಸುಟ್ಟುಬಿಡಿ. ಉದಾಹರಣೆ ಸಿಗದಿದ್ದರೆ ಮಾತನ್ನೇ ಸುಟ್ಟುಬಿಡಿ.

ಸುಡುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಳೆ ಇಟ್ಟುಕೊಳ್ಳಿ, ತಪ್ಪು ಎಲ್ಲಿ ಆಯಿತು ಅಂತ ಬೇರೆಯವರಿಗೂ ಕಾಣಬೇಕು. ಉಳಿದದ್ದೆಲ್ಲ ಇವತ್ತಿಗೂ ಸರಿ. ಮಾತಿಗೆ ತರುವ ಕೆಲಸ, ಉದಾಹರಣೆ ಹುಡುಕುವ ಕೆಲಸ, ನಿಮ್ಮ ಟೆಸ್ಟ್‌ನಲ್ಲಿ ಅಂಕ ಹೋದದ್ದು ಅಲ್ಲೇ ತಾನೇ?

ಗಣಿತ ಇಲ್ಲದೆ ಮಾತಿನಲ್ಲೇ ಹೇಳಬಾರದಾ ಅಂತ ಅನ್ನಿಸಬಹುದು. ಕೆಲವು ವಿಷಯ ಹೇಳಬಹುದು, ಕೆಲವು ಆಗುವುದಿಲ್ಲ. ಟೊಮೆಟೊ ನೋಡಿ. ಕೋಲಾರದ ಕಡೆಯವರು ನಿಮ್ಮ ಹಾಸ್ಟೆಲ್‌ನಲ್ಲಿ ಇದ್ದರೆ ಕೇಳಿ, ಒಂದು ಸಲ ಬೆಳೆದವರು ಕಾರು ತಗೋತಾರೆ, ಇನ್ನೊಂದು ಸಲ ಹಣ್ಣನ್ನು ರಸ್ತೆಗೆ ಸುರೀತಾರೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದ್ದು ನಿಮಗೆ ನೆನಪಿರಬಹುದು. ಆ ಏರಿಕೆಗೆ ಮಳೆ, ರೋಗ ಎಲ್ಲ ಸೇರಿತ್ತು. ಆದರೆ ಏರಿಳಿತದ ಒಳಗೆ ಒಂದು ಯಂತ್ರವೂ ಇದೆ. ರೈತರು ನಾಟಿ ಮಾಡುವುದು ಇವತ್ತಿನ ಬೆಲೆ ನೋಡಿ, ಹಣ್ಣು ಮಾರುಕಟ್ಟೆಗೆ ಬರುವುದು ತಿಂಗಳುಗಳ ಮೇಲೆ. ಬೆಲೆ ಜಾಸ್ತಿ ಇದ್ದಾಗ ಎಲ್ಲರೂ ಹಾಕುತ್ತಾರೆ, ಎಲ್ಲರದೂ ಒಟ್ಟಿಗೆ ಬರುತ್ತದೆ, ಬೆಲೆ ಬೀಳುತ್ತದೆ. ಮುಂದಿನ ಸಲ ಯಾರೂ ಹಾಕುವುದಿಲ್ಲ, ಬೆಲೆ ಏರುತ್ತದೆ.

ಇಲ್ಲಿವರೆಗೆ ಮಾತು ಸಾಕು. ಆದರೆ ಈ ಉಯ್ಯಾಲೆ ತಾನಾಗಿ ನಿಲ್ಲುತ್ತದಾ, ಇಲ್ಲ ಜೋರಾಗುತ್ತಾ ಹೋಗುತ್ತದಾ? ಮಾತಿನಲ್ಲಿ ಎಷ್ಟು ಹೊತ್ತು ವಾದ ಮಾಡಿದರೂ ಇದು ಇತ್ಯರ್ಥ ಆಗುವುದಿಲ್ಲ. ಲೆಕ್ಕ ಮಾಡೋಣ. ಜನ ಕೊಳ್ಳುವ ಪ್ರಮಾಣ = 60 − 2 × ಈಗಿನ ಬೆಲೆ. ರೈತರು ತರುವ ಪ್ರಮಾಣ = 15 + ಹೋದ ಸಲದ ಬೆಲೆ. ಎರಡೂ ಸಮವಾಗಿ ನಿಲ್ಲುವ ಬೆಲೆ 15 ರೂಪಾಯಿ. ಈಗ ಏನೋ ಕಾರಣಕ್ಕೆ ಒಂದು ಸಲ ಬೆಲೆ 23ಕ್ಕೆ ಹೋಯಿತು ಅನ್ನಿ. ಮುಂದಿನ ಸಲ 38 ಬರುತ್ತದೆ, ಅದನ್ನು ಮಾರಬೇಕಾದರೆ ಬೆಲೆ 11. ಆಮೇಲೆ 17. ಆಮೇಲೆ 14, ಆಮೇಲೆ 15.50. ಪ್ರತಿ ಸಲವೂ ದೂರ ಅರ್ಧ ಆಗುತ್ತಿದೆ, ದಿಕ್ಕು ತಿರುಗುತ್ತಿದೆ. ಉಯ್ಯಾಲೆ ನಿಲ್ಲುತ್ತದೆ.

ಈಗ ರೈತರ ಕಡೆ ಮಾತ್ರ ಬದಲಿಸಿ: ತರುವ ಪ್ರಮಾಣ = −15 + 3 × ಹೋದ ಸಲದ ಬೆಲೆ. ನಿಲ್ಲುವ ಬೆಲೆ ಇಲ್ಲೂ 15ರೇ. ಆದರೆ ಬೆಲೆ ಒಂದು ಸಲ 17ಕ್ಕೆ ಹೋದರೆ ಸಾಕು, ಮುಂದೆ 12, ಆಮೇಲೆ 19.50, ಆಮೇಲೆ 8.25. ಪ್ರತಿ ಸಲ ದೂರ ಒಂದೂವರೆ ಪಟ್ಟು. ಎರಡು ಮಾರುಕಟ್ಟೆಯ ಸಮತೋಲನ ಬೆಲೆಯೂ ಒಂದೇ, ಆದರೆ ಒಂದು ಶಾಂತ, ಇನ್ನೊಂದು ರೈತರ ಮನೆ ಮುರಿಯುತ್ತದೆ. ವ್ಯತ್ಯಾಸ ಇರುವುದು ಒಂದೇ ಕಡೆ: ರೈತರು ಬೆಲೆಗೆ ಎಷ್ಟು ಜೋರಾಗಿ ಸ್ಪಂದಿಸುತ್ತಾರೆ, ಕೊಳ್ಳುವವರು ಎಷ್ಟು ಜೋರಾಗಿ ಸ್ಪಂದಿಸುತ್ತಾರೆ, ಆ ಎರಡರ ಅನುಪಾತ. 1ಕ್ಕಿಂತ ಕಡಿಮೆ ಇದ್ದರೆ ನಿಲ್ಲುತ್ತದೆ, ಜಾಸ್ತಿ ಇದ್ದರೆ ಹರಿದುಹೋಗುತ್ತದೆ. ಡಿಫರೆನ್ಸ್ ಈಕ್ವೇಷನ್ ಅಧ್ಯಾಯ ಪೂರ್ತಿ ಇಷ್ಟೇ ವಿಷಯದ ಸುತ್ತ ಇದೆ. ಇದಕ್ಕೆ ಕಾಬ್‌ವೆಬ್ ಅಂತ ಹೆಸರು, ಜೇಡರ ಬಲೆ. ಗ್ರಾಫ್ ಬರೆದು ನೋಡಿ, ಬಲೆ ಕಾಣುತ್ತದೆ.

ನಿಜವಾದ ರೈತರು ಬರೀ ಹೋದ ಸಲದ ಬೆಲೆ ನೋಡಿ ನಾಟಿ ಮಾಡುವುದಿಲ್ಲ. ಅವರಿಗೆ ಅನುಭವ ಇದೆ, ಪಕ್ಕದ ಹೊಲದಲ್ಲಿ ಏನಿದೆ ಅಂತ ನೋಡುತ್ತಾರೆ. ಹಾಗಾಗಿ ಈ ಮಾದರಿಯನ್ನು ಪೂರ್ತಿ ನಂಬಬಾರದು. ಆದರೆ ಎಲ್ಲಿ ನಂಬಬಾರದು ಅಂತ ಬೆರಳಿಟ್ಟು ತೋರಿಸೋಕೆ ಆಗುವುದು, ಮಾದರಿಯನ್ನು ಸಾಲು ಸಾಲಾಗಿ ಓದಲು ಬಂದಾಗ ಮಾತ್ರ. ಮಾದರಿಗಳ ಜೊತೆ ಜಗಳ ಆಡಬೇಕು ಅನ್ನುವವರಿಗೆ ಈ ಗಣಿತ ಇನ್ನೂ ಜಾಸ್ತಿ ಬೇಕು. ಹಳ್ಳಿಯಿಂದ ಬಂದ ನಿಮ್ಮಂಥವರು ಆ ಜಗಳ ಆಡಬೇಕು ಅನ್ನುವುದು ನನ್ನ ಆಸೆ. ಟೊಮೆಟೊ ಹೊಲ ನೋಡಿದವರಿಗೆ ಕಾಣುವ ತಪ್ಪು, ಗ್ರಾಫ್ ಮಾತ್ರ ನೋಡಿದವರಿಗೆ ಕಾಣುವುದಿಲ್ಲ.

ಮ್ಯಾಟ್ರಿಕ್ಸ್ ಬಗ್ಗೆ ಒಂದೇ ಮಾತು. ಅರ್ಥಶಾಸ್ತ್ರಜ್ಞ ವಾಸಿಲಿ ಲಿಯೊಂಟಿಫ್ ಅಮೆರಿಕದ ಆರ್ಥಿಕತೆಯನ್ನು ಒಂದು ಕೋಷ್ಟಕದಲ್ಲಿ ಹಿಡಿಯಲು ಹೊರಟವರು. ಕಲ್ಲಿದ್ದಲಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು, ಎರಡಕ್ಕೂ ವಿದ್ಯುತ್ ಬೇಕು. ಎಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. 1949ರಲ್ಲಿ ಅವರ ಹತ್ತಿರ 500 ವಲಯಗಳ ಮಾಹಿತಿ ಇತ್ತು, ಆದರೆ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರ್‌ಗೆ ಅಷ್ಟು ತಡೆಯುವ ಶಕ್ತಿ ಇರಲಿಲ್ಲ. 42 ಸಮೀಕರಣಕ್ಕೆ ಇಳಿಸಿದರು. ಉತ್ತರ ಬರಲು ಯಂತ್ರ 56 ಗಂಟೆ ಓಡಿತು. 1973ರಲ್ಲಿ ಅವರಿಗೆ ನೊಬೆಲ್ ಬಂತು. ನೀವು ಪಿಯುಸಿಯಲ್ಲಿ ಮೂರು ಬೈ ಮೂರು ಮ್ಯಾಟ್ರಿಕ್ಸ್‌ನ ಇನ್ವರ್ಸ್ ಹುಡುಕುವಾಗ ಮಾಡುತ್ತಿದ್ದದ್ದು ಇದರ ಚಿಕ್ಕ ತಮ್ಮನನ್ನು. ಇನ್ವರ್ಸ್ ಕೈಯಿಂದ ಮಾಡುವ ವೇಗಕ್ಕಿಂತ, ಅದರ ಒಂದೊಂದು ಸಂಖ್ಯೆ ಏನು ಹೇಳುತ್ತದೆ ಅಂತ ತಿಳಿಯುವುದು ಮುಖ್ಯ: ಜನರಿಗೆ ಇನ್ನೊಂದು ಯೂನಿಟ್ ಉಕ್ಕು ಬೇಕಾದರೆ ಒಟ್ಟು ಕಲ್ಲಿದ್ದಲು ಎಷ್ಟು ತೆಗೆಯಬೇಕು ಅಂತ.

ಇನ್ನು ಓದುವ ವಿಧಾನ. ಇಲ್ಲಿ ನನಗೆ ಕೆಲವು ಗಟ್ಟಿ ಅಭಿಪ್ರಾಯಗಳಿವೆ.

ಸಿಲಬಸ್‌ನಲ್ಲಿ ಹೇಳಿರುವ ಪುಸ್ತಕಗಳಲ್ಲಿ ಒಂದನ್ನೇ ಹಿಡಿಯಿರಿ. ಮೂರು ಪುಸ್ತಕದ ಮೊದಲ ಅಧ್ಯಾಯ ಓದಿದವರನ್ನು ತುಂಬಾ ನೋಡಿದ್ದೇನೆ, ಒಂದು ಪುಸ್ತಕದ ಕೊನೆಯ ಅಧ್ಯಾಯ ಮುಟ್ಟಿದವರು ಕಡಿಮೆ. ಬಿಡಿಸಿರುವ ಉದಾಹರಣೆ ಬಂದಾಗ ಉತ್ತರದ ಮೇಲೆ ಹಾಳೆ ಮುಚ್ಚಿ. ಇಪ್ಪತ್ತು ನಿಮಿಷ ನೀವೇ ಪ್ರಯತ್ನ ಮಾಡಿ. ಆಗದಿದ್ದರೆ ಒಂದು ಸಾಲು ಮಾತ್ರ ತೆರೆದು ನೋಡಿ, ಮತ್ತೆ ಮುಚ್ಚಿ. ವೀಡಿಯೊ ನೋಡುವುದು ತಪ್ಪಲ್ಲ, ಆದರೆ ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುವಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ಅಮ್ಮ ರೊಟ್ಟಿ ತಟ್ಟುವುದನ್ನು ಹತ್ತು ವರ್ಷ ನೋಡಿದರೂ ಮೊದಲ ರೊಟ್ಟಿ ಹರಿದೇ ಹರಿಯುತ್ತದೆ, ಅಲ್ವಾ? ನಿಮ್ಮ ಕೈ ಹಿಟ್ಟಾಗಬೇಕು.

ಪ್ರಮೇಯ ಬಂದಾಗ ಮೊದಲು ಸಂಖ್ಯೆ ಹಾಕಿ ನೋಡಿ. ಆಮೇಲೆ ಚಿತ್ರ ಬರೆಯಿರಿ. ಆಮೇಲೆ ಅದರಲ್ಲಿರುವ ಒಂದು ಷರತ್ತನ್ನು ತೆಗೆದುಹಾಕಿ, ಏನು ಕೆಡುತ್ತದೆ ಅಂತ ಹುಡುಕಿ. ಊದುಬತ್ತಿ ಲೆಕ್ಕದಲ್ಲಿ ನಾವು ಮಾಡಿದ್ದು ಇದೇ: ಕಾನ್ಕೇವ್ ಅನ್ನುವ ಷರತ್ತು ತೆಗೆದೆವು, 550 ರೂಪಾಯಿ ನಷ್ಟ ಕಣ್ಣೆದುರು ಬಂತು. ಪ್ರತಿ ಲೆಕ್ಕದ ಕೊನೆಗೆ ಎರಡು ವಾಕ್ಯ ಬರೆಯಿರಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಪರೀಕ್ಷೆ ಇಂಗ್ಲಿಷಿನಲ್ಲಿ ಇರುವುದರಿಂದ ಎರಡನೆಯದನ್ನು ಬಿಡುವ ಹಾಗಿಲ್ಲ. ಮೊದಮೊದಲು ನಿಧಾನ ಅನ್ನಿಸುತ್ತದೆ. ತಿಂಗಳು ಕಳೆದ ಮೇಲೆ ಇಂಗ್ಲಿಷ್ ವಾಕ್ಯ ತಾನಾಗಿ ಬರುತ್ತದೆ, ಯಾಕೆಂದರೆ ಹೇಳಬೇಕಾದದ್ದು ಮೊದಲೇ ತಲೆಯಲ್ಲಿ ಸ್ಪಷ್ಟವಾಗಿರುತ್ತದೆ.

ಟ್ಯುಟೋರಿಯಲ್‌ಗೆ ಖಾಲಿ ಕೈಯಲ್ಲಿ ಹೋಗಬೇಡಿ. 'ಅರ್ಥ ಆಗಲಿಲ್ಲ' ಅಂದರೆ ಪಾಠ ಮಾಡುವವರಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಅರ್ಧ ಬಿಡಿಸಿದ ಹಾಳೆ ಹಿಡಿದು 'ಈ ಸಾಲಿನಿಂದ ಆ ಸಾಲಿಗೆ ಹೇಗೆ ಹೋದರು' ಅಂತ ಕೇಳಿದರೆ ಐದು ನಿಮಿಷದಲ್ಲಿ ಕೆಲಸ ಆಗುತ್ತದೆ. ಇಂಗ್ಲಿಷ್ ತಡವರಿಸುತ್ತದೆ ಅಂತ ಹಿಂಜರಿಯಬೇಡಿ. ಹಾಳೆ ಮೇಲಿನ ಗಣಿತ ನಿಮ್ಮ ಪರವಾಗಿ ಮಾತಾಡುತ್ತದೆ.

ಮುಂದೆ ಎಂ.ಎ. ಮಾಡುವ ಯೋಚನೆ ಇದ್ದರೆ ಈ ಪೇಪರ್ ಬಿಟ್ಟು ದಾರಿಯೇ ಇಲ್ಲ. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಮಾಸ್ಟರ್ಸ್ ಪ್ರವೇಶ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಗಣಿತದ್ದೇ. ಅಲ್ಲಿ ಕೇಳುವುದು ಬಹುಪಾಲು ನಿಮ್ಮ ಈಗಿನ ಪುಸ್ತಕದಲ್ಲೇ ಇದೆ. ಆದರೆ ಅದನ್ನು ಮೂರನೇ ವರ್ಷಕ್ಕೆ ಯೋಚಿಸಿದರೆ ಸಾಕು, ಈಗಲೇ ಆ ಪ್ರಶ್ನೆಪತ್ರಿಕೆ ತೆರೆದು ಹೆದರಿಕೊಳ್ಳಬೇಡಿ. ಹಳೇ ಪ್ರಶ್ನೆಪತ್ರಿಕೆಗಳಿಂದ ಓದು ಶುರು ಮಾಡುವುದು ಈ ವಿಷಯದಲ್ಲಿ ಕೆಟ್ಟ ದಾರಿ. ಮಾದರಿ ಉತ್ತರ ಬಾಯಿಗೆ ಬರುತ್ತದೆ, ಪ್ರಶ್ನೆ ಸ್ವಲ್ಪ ತಿರುಗಿಸಿದರೆ ಕೈ ನಿಲ್ಲುತ್ತದೆ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಕ್ಯಾಂಟೀನ್ ಲೆಕ್ಕಕ್ಕೆ ಹಿಂದೆ ಹೋಗಿ. ಬಜೆಟ್ 600, ಇಡ್ಲಿ 30, ಆದರೆ ಕಾಫಿ ಈಗ 25 ರೂಪಾಯಿ. ಮೊದಲಿನಿಂದ ಮಾಡಿ. ಕಾಫಿ 12, ಇಡ್ಲಿ 10, ಲ್ಯಾಂಬ್ಡಾ 0.4 ಬಂದರೆ ಸರಿ. ಕಾಫಿ ದುಬಾರಿ ಆದರೂ ಇಡ್ಲಿಯ ಸಂಖ್ಯೆ ಒಂದು ಪ್ಲೇಟೂ ಬದಲಾಗಲಿಲ್ಲ. ಯಾಕೆ? ಲ್ಯಾಂಬ್ಡಾ 0.5ರಿಂದ 0.4ಕ್ಕೆ ಇಳಿದದ್ದು ನಿಮ್ಮ ಒಂದು ರೂಪಾಯಿಯ ಬಗ್ಗೆ ಏನು ಹೇಳುತ್ತದೆ? ಎರಡಕ್ಕೂ ಎರಡೆರಡು ಸಾಲು ಕನ್ನಡದಲ್ಲಿ ಬರೆದು ಕಳಿಸಿ, ನೋಡಿ ಉತ್ತರ ಬರೆಯುತ್ತೇನೆ.